ಒದೆಯುವ ಕಾಲು, ಓರೆಯಾದ ಕಣ್ಣು



ಇಂಗ್ಲಿಷಿನಲ್ಲಿ ‘ಸ್ಪರ್ನ್’ ಎಂಬ ಕ್ರಿಯಾಪದವಿದೆ. ತರಗತಿಯಲ್ಲಿ ಅದಕ್ಕೆ ‘ತಿರಸ್ಕರಿಸು’ ಎಂದು ಅರ್ಥ ಹೇಳಿಕೊಟ್ಟು ಮುಂದಿನ ಸಾಲಿಗೆ ಹೋಗುತ್ತೇವೆ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಕಾಲಿನಿಂದ ಒದೆಯುವುದು, ಎಡವುವುದು. ಕುದುರೆಯ ಪಕ್ಕೆಗೆ ತಿವಿಯಲು ಸವಾರ ಹಿಮ್ಮಡಿಗೆ ಕಟ್ಟಿಕೊಳ್ಳುವ ‘ಸ್ಪರ್’ ಕೂಡ ಇದರ ಬಳಗದ್ದೇ. ಕಡೆಗಣಿಸುವುದು ಎಂಬ ಅರ್ಥದ ಲ್ಯಾಟಿನ್ನಿನ ‘ಸ್ಪೆರ್ನೆರೆ’ಗೂ ಸಂಸ್ಕೃತದ ‘ಸ್ಫುರ್’ ಧಾತುವಿಗೂ ಬೇರು ಒಂದೇ. ವೇದಕಾಲದಲ್ಲಿ ಈ ಧಾತುವಿಗೆ ಒದೆಯುವ ಅರ್ಥವಿತ್ತು. ಆಮೇಲೆ ಅದುರುವುದು, ಮಿಂಚುವುದು ಎಂದಾಯಿತು. ಕವಿಗೆ ಸಾಲೊಂದು ಸ್ಫುರಿಸಿತು ಎನ್ನುವಾಗ ಬಳಸುವ ಮಾತು ಇದೇ. ಒಂದೇ ಬೇರು ಒಂದು ಕಡೆ ತುಚ್ಛೀಕಾರವಾಗಿ, ಇನ್ನೊಂದು ಕಡೆ ಪ್ರತಿಭೆಯ ಹೊಳಹಾಗಿ ಬೆಳೆದದ್ದು ನನಗೆ ಇಂದಿಗೂ ಬೆರಗು.

‘ತಿರಸ್ಕರಿಸು’ ಎಂಬುದರಲ್ಲಿ ಕಾಲಿಲ್ಲ. ಅದರ ಮೂಲಾರ್ಥ ಮರೆಮಾಡುವುದು, ಬದಿಗೆ ಸರಿಸುವುದು. ತೆರೆ, ಪರದೆಗೆ ‘ತಿರಸ್ಕರಿಣಿ’ ಎಂಬ ಹೆಸರು ಬಂದದ್ದು ಅದರಿಂದಲೇ. ಒದೆತಕ್ಕೆ ಸರಿಗಟ್ಟುವ ಮಾತು ನಮ್ಮ ಮನೆಯಂಗಳದಲ್ಲೇ ಇದೆ. ಒಳ್ಳೆಯ ಸಂಬಂಧವನ್ನೋ ಕೆಲಸವನ್ನೋ ಬೇಡವೆಂದ ಮಗನಿಗೆ ಹಿರಿಯರು ಹೇಳುವುದು, ‘ಮನೆಗ್ ಬಂದ ಲಕ್ಷ್ಮೀನ ಕಾಲಲ್ಲಿ ಒದೀಬೇಡ ಕಣಪ್ಪ’ ಎಂದು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ನಮ್ಮಲ್ಲಿ ಈ ಮಾತಿನ ತೂಕ ಇಂಗ್ಲಿಷಿನದಕ್ಕಿಂತ ಹೆಚ್ಚು ಎಂದೇ ನನ್ನ ತಿಳಿವಳಿಕೆ.

ಇನ್ನು ಕಣ್ಣು. ಇಂಗ್ಲಿಷಿನ ‘ಡಿಸ್ಪೈಸ್’ ಲ್ಯಾಟಿನ್ನಿನ ಕೆಳನೋಟದಿಂದ ಬಂದದ್ದು: ಮೇಲೆ ನಿಂತವನು ಕೆಳಗಿದ್ದವನನ್ನು ನೋಡುವ ನೋಟ. ನಮ್ಮ ‘ಕಡೆಗಣಿಸು’ವಿನಲ್ಲಿರುವುದು ಕಡೆಗಣ್ಣು, ಕಣ್ಣಂಚು. ಇಬ್ಬರೂ ಒಂದೇ ನೆಲದಲ್ಲಿ ನಿಂತಿದ್ದರೂ ಒಬ್ಬ ಇನ್ನೊಬ್ಬನತ್ತ ಪೂರಾ ತಿರುಗುವುದಿಲ್ಲ. ಮೂಗು ಮುರಿಯುವುದು, ಮೂತಿ ತಿರುಗಿಸುವುದು, ಛೀ ಥೂ ಎಂದು ಉಗಿಯುವುದು ಎಲ್ಲರಿಗೂ ಗೊತ್ತಿರುವುದೇ.

ರೇಷ್ಮೆ ಬೆಳೆಯುವ ನಮ್ಮ ರಾಮನಗರ ಸೀಮೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಮಾತು ‘ಸೊಪ್ಪು ಹಾಕು’. ‘ಅವ್ನು ಯಾರ್ ಮಾತ್ಗೂ ಸೊಪ್ಪಾಕಲ್ಲ’ ಎಂದರೆ ಲೆಕ್ಕಕ್ಕೇ ಇಡುವುದಿಲ್ಲ ಎಂದರ್ಥ. ರೇಷ್ಮೆಯಿಲ್ಲದ ಊರುಗಳಲ್ಲೂ ಈ ಮಾತಿದೆ. ನಮ್ಮ ಹುಳುಮನೆಯಲ್ಲೇ ಹುಟ್ಟಿತೆಂದು ಹಟ ಹಿಡಿಯಬೇಕಿಲ್ಲ. ಆದರೆ ಇಲ್ಲಿ ಅದಕ್ಕೆ ಇನ್ನಷ್ಟು ಜೀವವಿದೆ. ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತಿಗೆ ಬೀಳದಿದ್ದರೆ ಹುಳು ಬಡಕಲಾಗುತ್ತದೆ, ಗೂಡು ತೆಳುವಾಗುತ್ತದೆ, ರಾಮನಗರದ ಮಾರುಕಟ್ಟೆಯ ಹರಾಜಿನಲ್ಲಿ ದರ ಬೀಳುತ್ತದೆ. ಹುಳು ಬೆಳೆಯುವಾಗ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ಮಾತ್ರ ಸೊಪ್ಪು ನಿಲ್ಲಿಸುತ್ತಾರೆ, ಎದ್ದ ಮೇಲೆ ಮತ್ತೆ ಹಾಕುತ್ತಾರೆ. ಹುಳು ಸಾಕಿದ ಹೆಣ್ಣುಮಗಳಿಗೆ ಸೊಪ್ಪು ಹಾಕದಿರುವುದೆಂದರೆ ಬಯ್ಯುವುದಲ್ಲ, ಒದೆಯುವುದೂ ಅಲ್ಲ. ಒಂದು ಜೀವದ ಹಸಿವನ್ನು ಕಂಡೂ ಕಾಣದಂತಿರುವುದು. ಅಸಡ್ಡೆಯ ಕ್ರೌರ್ಯವನ್ನು ಇಷ್ಟು ನಿಖರವಾಗಿ ಹಿಡಿದ ಮಾತು ನಾನು ಬಲ್ಲ ಇಂಗ್ಲಿಷಿನಲ್ಲಿಲ್ಲ.

ಇಂಥ ಮಾತುಗಳನ್ನು ಆಡುವವರ ನುಡಿಯೇ ತಾತ್ಸಾರಕ್ಕೆ ಗುರಿಯಾಗಿದೆ ಎಂಬ ನೋವನ್ನು ಈ ವೇದಿಕೆಯಲ್ಲಿ ಹೇಳಲೇಬೇಕು. ಕನಕಪುರ, ಮಾಗಡಿಯ ಹಳ್ಳಿಯ ಮಗು ಹಾಲು, ಹುಳ ಎನ್ನಲು ‘ಆಲು’, ‘ಉಳ’ ಎಂದರೆ ಬೆಂಗಳೂರಿನ ತರಗತಿ ನಗುತ್ತದೆ, ‘ಹಕಾರ ಬಾರದವರು’ ಎಂದು. ಇತಿಹಾಸ ನೋಡಿ. ಹಳಗನ್ನಡದಲ್ಲಿ ಹಾಲು ‘ಪಾಲ್’. ಪಕಾರ ಸವೆದು ಹಕಾರವಾಯಿತು, ‘ಹಾಲು’ ಬಂತು. ಹಕಾರವೂ ಸವೆದಾಗ ಹಳ್ಳಿಯಲ್ಲಿ ‘ಆಲು’ ಆಯಿತು. ಪಕಾರ ಕಳೆದುಕೊಂಡವರು ಶಿಷ್ಟರಾದರು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟವರು ಗಮಾರರಾದರು. ನಿಂದಿಸು ಎಂಬರ್ಥದ ‘ಹಳಿ’ ಕೂಡ ‘ಪೞಿ’ಯಿಂದ ಇದೇ ದಾರಿಯಲ್ಲಿ ಬಂದದ್ದು. ಆ ಮಗುವನ್ನು ಹಳಿಯುವವರ ಬಾಯಲ್ಲಿರುವುದೂ ಸವೆದ ಮಾತೇ.

ಇನ್ನು ನಿಘಂಟುಗಳು. ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ. ಆ ವಿದ್ವಾಂಸರ ದುಡಿಮೆಗೆ ತಲೆಬಾಗುತ್ತೇನೆ. ಇನ್ನು ಮುಂದೆ ಇಂಗ್ಲಿಷ್–ಕನ್ನಡ ಕೋಶಗಳನ್ನು ಪರಿಷ್ಕರಿಸುವವರು ‘ಸ್ಪರ್ನ್’ ಎಂಬ ಪದದೆದುರು ‘ತಿರಸ್ಕರಿಸು’ವಿನ ಜೊತೆಗೆ ‘ಕಾಲಲ್ಲಿ ಒದೆ’ ಎಂದೂ ಬರೆಯಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಒಂದೇ. ಹುಳುಮನೆಗಳಿಗೂ ಚನ್ನಪಟ್ಟಣದ ಗೊಂಬೆ ಮಾಡುವವರ ಅಂಗಳಕ್ಕೂ ಹೋಗಿ. ಬಯ್ಗುಳ, ಮೂದಲಿಕೆ, ಅಸಡ್ಡೆಯ ಮಾತುಗಳನ್ನು, ಯಾರು ಯಾರಿಗೆ ಎಂಥ ಹೊತ್ತಿನಲ್ಲಿ ಆಡಿದರೆಂಬುದರೊಡನೆ, ಅವರ ಉಚ್ಚಾರಣೆಯಲ್ಲೇ ಬರೆದುಕೊಳ್ಳಿ. ಹಕಾರವನ್ನು ಮಾತ್ರ ತಿದ್ದಬೇಡಿ.