ಊಟದ ಕೂಪನ್ನಿನ ಕರಾರು
(ವಾಚನಾಲಯದಲ್ಲಿ ಮಾಡಿದ ಭಾಷಣ)



ಸಂಬಳದ ಜೊತೆಗೆ ಊಟದ ಕೂಪನ್ನನ್ನೋ ಕಾರ್ಡನ್ನೋ ಪಡೆಯುವವರು ನಮ್ಮಲ್ಲಿ ಹಲವರಿದ್ದಾರೆ. ಅದನ್ನು ನೋಟಿನಂತೆಯೇ ಎಣಿಸುವುದು ರೂಢಿ. ಆದರೆ ನೋಟಿಗೆ ಬೆಲೆ ಮಾತ್ರ ಉಂಟು. ಕೂಪನ್ನಿಗೆ ಬೆಲೆಯೊಡನೆ ಕರಾರೂ ಉಂಟು.

1962ರ ವರಮಾನ ತೆರಿಗೆ ನಿಯಮಗಳಲ್ಲಿ ಈ ಕರಾರು ಸ್ಪಷ್ಟವಾಗಿತ್ತು: ಕೂಪನ್ನನ್ನು ಮತ್ತೊಬ್ಬರಿಗೆ ವರ್ಗಾಯಿಸಕೂಡದು, ಊಟ ತಿಂಡಿ ದೊರೆಯುವೆಡೆ ಮಾತ್ರ ಬಳಸತಕ್ಕದ್ದು. ಆ ಷರತ್ತಿನ ಮೇಲೆ ಒಂದು ಹೊತ್ತಿನ ಊಟಕ್ಕೆ 50 ರೂಪಾಯಿವರೆಗೆ ತೆರಿಗೆ ವಿನಾಯಿತಿಯಿತ್ತು. ಸರ್ಕಾರ ತನ್ನ ಪಾಲನ್ನು ಬಿಟ್ಟುಕೊಟ್ಟದ್ದು ದುಡಿಯುವವನು ಉಣ್ಣಲೆಂದು.

ಒಬ್ಬನು 50 ರೂಪಾಯಿಯ ಕೂಪನ್ನನ್ನು ಅಂಗಡಿಯವನಿಗೆ 45ಕ್ಕೆ ಮಾರಿದನೆನ್ನಿ. ಮಾರಿದವನು 5 ರೂಪಾಯಿ ಕಳೆದುಕೊಂಡ. ಅಂಗಡಿಯವನು ಬಡಿಸದ ಊಟಕ್ಕೆ ಹಣ ವಸೂಲು ಮಾಡಿದ. ಪಡೆದ ವಿನಾಯಿತಿ ಸುಳ್ಳಾಯಿತು. ಕಾರ್ಡು ಉಜ್ಜಿ ನಗದು ಪಡೆದರೂ ಇದೇ ಲೆಕ್ಕ.

“ಊರಿಗೆ ಹಣ ಕಳಿಸಬೇಕಲ್ಲ ಸ್ವಾಮಿ, ಒಂದು ಹೊತ್ತು ಊಟ ಬಿಟ್ಟರೇನು?” ಎಂದು ಕೇಳುವವರುಂಟು. ಈ ಮಾತನ್ನು ತಳ್ಳಿಹಾಕಲಾಗದು. ಮನೆಯವರ ಮೇಲಿನ ಮಮತೆಯಿಂದಲೇ ಅದು ಹುಟ್ಟಿದ್ದು. ಆದರೆ ಹಸಿದು ದುಡಿಯುವ ಮೈ ಎಷ್ಟು ದಿನ ತಾಳೀತು? ಮೈ ಕೆಟ್ಟರೆ ಊರಿಗೆ ಕಳಿಸುವವರಾರು?

ನಗದೇ ಬೇಕಾದವನು, ಕೂಪನ್ನಿನ ಬದಲು ಅಷ್ಟನ್ನು ಸಂಬಳದಲ್ಲಿ ಸೇರಿಸಿ ಕೊಡಿರೆಂದು ಕಚೇರಿಯಲ್ಲಿ ಕೇಳಲಿ. ತೆರಿಗೆ ಬಿದ್ದರೆ ತೆರಲಿ. ಹಾಗೆ ನೇರವಾಗಿ ಕೇಳುವುದರಲ್ಲಿ ನಾಚಿಕೆಯಿಲ್ಲ. ಕೊಡದಿದ್ದರೆ, ಒಪ್ಪಿ ಪಡೆದ ಕೂಪನ್ನಿನ ಕರಾರನ್ನು ನಡೆಸುವುದೇ ಧರ್ಮ. ಅದು ಕಷ್ಟದ ಧರ್ಮವೂ ಅಲ್ಲ. ಮಧ್ಯಾಹ್ನವಾದಾಗ ಕುಳಿತು ಹೊಟ್ಟೆ ತುಂಬ ಉಣ್ಣಿರಿ. ಅಷ್ಟೇ ಸಾಕು.