ಮನೆಯನ್ನು ಎಳೆಯೋಣವೋ, ಓಡಿಸೋಣವೋ?

ಬ್ರಿಟನ್ನಿನಲ್ಲಿ ರಜೆ ಬಂತೆಂದರೆ ಎಷ್ಟೋ ಸಂಸಾರಗಳು ಮನೆಯನ್ನೇ ಜೊತೆಗಿಟ್ಟುಕೊಂಡು ಊರು ಸುತ್ತಲು ಹೊರಡುತ್ತವೆ ಮಕ್ಕಳೇ. ಒಲೆ, ಹಾಸಿಗೆ, ನೀರಿನ ಟ್ಯಾಂಕು, ಕೊನೆಗೆ ಕಕ್ಕಸು ಕೂಡ ಚಕ್ರದ ಮೇಲೆ!

ಈ ಹುಚ್ಚು ಹಳೆಯದು. ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು 1885ರಲ್ಲಿ 'ವಾಂಡರರ್' ಎಂಬ ಮರದ ಮನೆಗೆ ಕುದುರೆ ಕಟ್ಟಿಕೊಂಡು ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಹೋದರು. ಅವರು ಹುಡುಗರಿಗಾಗಿ ಸಾಹಸಕಥೆ ಬರೆಯುತ್ತಿದ್ದವರು. ಇಂಥ ಆಸೆ ಇನ್ಯಾರಿಗೆ ಹುಟ್ಟೀತು ಹೇಳಿ!

ಈಗ ಇಂಥ ಮನೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕ್ಯಾರವಾನಿಗೆ ಎಂಜಿನ್ ಇಲ್ಲ. ಕಾರಿನ ಹಿಂಬದಿಯಲ್ಲಿ ಉಕ್ಕಿನ ಗುಂಡೊಂದು ಇರುತ್ತದೆ. ಕ್ಯಾರವಾನಿನ ಮೂತಿ ಅದನ್ನು ಕಚ್ಚಿಕೊಂಡು ಹಿಂದೆ ಹಿಂದೆ ಬರುತ್ತದೆ. ಮೋಟಾರ್‌ಹೋಮಿನಲ್ಲಿ ಎಂಜಿನ್ನೂ ಮನೆಯೂ ಒಂದೇ ಗಾಡಿ. ಕ್ಯಾಂಪರ್‌ವ್ಯಾನ್ ಅದರ ಪುಟ್ಟ ತಂಗಿ. ಸಾಮಾನ್ಯ ವ್ಯಾನಿನ ಹೊಟ್ಟೆಯೊಳಗೇ ಮಂಚ, ಒಲೆ ಜೋಡಿಸಿರುತ್ತಾರೆ. ಕೆಲವದರಲ್ಲಿ ಚಾವಣಿಯನ್ನು ಮೇಲಕ್ಕೆತ್ತಿದರೆ ದೊಡ್ಡವರೂ ನೆಟ್ಟಗೆ ನಿಲ್ಲಬಹುದು.

ಹಾಗಾದರೆ ಯಾವುದನ್ನು ಆರಿಸುವುದು? ಊರು ತಲುಪಿದ ಮೇಲೆ ಏನು ಮಾಡುತ್ತೀರಿ ಅಂತ ಯೋಚಿಸಿ. ಕ್ಯಾರವಾನನ್ನು ಒಂದು ಮೈದಾನದಲ್ಲಿ ಬಿಟ್ಟು, ಬರೀ ಕಾರಿನಲ್ಲಿ ಕೋಟೆ ನೋಡಿ ಬರಬಹುದು. ಮೋಟಾರ್‌ಹೋಮ್ ಆದರೆ ಹಾಲು ತರುವುದಕ್ಕೂ ತಟ್ಟೆ, ಲೋಟ ಎಲ್ಲ ಒಳಗಿಟ್ಟು ಮನೆಯನ್ನೇ ಹೊರಡಿಸಬೇಕು. ಆದರೆ ದಿನಕ್ಕೊಂದು ಊರು ನೋಡುವವರಿಗೆ ಅದೇ ಸುಖ. ಕಾರ್ನ್‌ವಾಲ್ ಕಡೆ ಬೇಲಿಗಳ ನಡುವಿನ ಇಕ್ಕಟ್ಟು ದಾರಿಗಳಿವೆ. ಅಲ್ಲಿ ಗೆಲ್ಲುವುದು ಕ್ಯಾಂಪರ್‌ವ್ಯಾನ್. ಆದರೆ ಕೆಲವದರಲ್ಲಿ ಹಾಸಿಗೆ ಮಡಚಿದರೇನೇ ಕೂರಲು ಜಾಗ! ನನ್ನನ್ನು ಕೇಳಿದರೆ, ಒಂದೇ ಕಡೆ ವಾರಗಟ್ಟಲೆ ಉಳಿದು ಆಡುವ ಮಕ್ಕಳಿರುವ ಮನೆಗೆ ಕ್ಯಾರವಾನೇ ಸರಿ.

ಆದರೆ ಕ್ಯಾರವಾನಿಗೆ ಒಂದು ತುಂಟ ಗುಣವಿದೆ. ವೇಗವಾಗಿ ಹೋಗುವಾಗ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದರೆ ಗಾಳಿ ಅದನ್ನು ತಳ್ಳುತ್ತದೆ. ಉಕ್ಕಿನ ಗುಂಡಿನ ಸುತ್ತ ತಿರುಗುವ ಸ್ವಾತಂತ್ರ್ಯ ಅದಕ್ಕಿದೆಯಲ್ಲ, ಬಾಲ ಎಡಕ್ಕೆ ಬೀಸುತ್ತದೆ, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ. ವೇಗ ಹೆಚ್ಚಿದ್ದರೆ ಬೀಸು ಪ್ರತಿ ಸಲ ದೊಡ್ಡದಾಗುತ್ತಾ ಕಾರನ್ನೂ ಎಳೆದಾಡುತ್ತದೆ. ಇದಕ್ಕೆ ಅಲ್ಲಿಯವರು 'ಸ್ನೇಕಿಂಗ್' ಅನ್ನುತ್ತಾರೆ.

ಯಾಕೆ ಹೀಗೆ? ಬನ್ನಿ, ಮಾಡಿಯೇ ನೋಡೋಣ. ಒಂದು ಉದ್ದ ಕೋಲಿನ ಎರಡೂ ತುದಿಗೆ ನೀರು ತುಂಬಿದ ಬಾಟಲಿ ಕಟ್ಟಿ. ಅಂಗಳದಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದಾಗ, ಕೋಲಿನ ನಡುವೆ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ. ತಿರುಗಲು ಶುರುವಾಗುವುದೂ ಕಷ್ಟ, ಶುರುವಾದರೆ ನಿಲ್ಲಿಸುವುದೂ ಕಷ್ಟ. ಈಗ ಅದೇ ಬಾಟಲಿಗಳನ್ನು ಕೈಯ ಹತ್ತಿರಕ್ಕೆ ಸರಿಸಿ ಕಟ್ಟಿ. ಕೋಲು ಹೇಳಿದ ಮಾತು ಕೇಳುತ್ತದೆ! ತೂಕ ಅಷ್ಟೇ ಇದೆ, ಇಟ್ಟ ಜಾಗ ಮಾತ್ರ ಬೇರೆ.

ಅದಕ್ಕೇ ತಿಳಿದವರು ಕ್ಯಾರವಾನಿನ ಭಾರದ ಸಾಮಾನನ್ನು ಹಿಂಬದಿಗೆ ತುರುಕುವುದಿಲ್ಲ. ಚಕ್ರದ ಅಚ್ಚಿನ ಮೇಲೆ, ನೆಲದ ಹತ್ತಿರ ಇಡುತ್ತಾರೆ. ಮೂತಿಯೂ ಗುಂಡಿನ ಮೇಲೆ ಸ್ವಲ್ಪ ಭಾರ ಊರಬೇಕು, ಒಟ್ಟು ತೂಕದಲ್ಲಿ ನೂರಕ್ಕೆ ಐದರಿಂದ ಏಳು ಪಾಲು. ಹೊಸಬರು ಕಾರಿನ ತೂಕದಲ್ಲಿ ನೂರಕ್ಕೆ 85 ಪಾಲಿಗಿಂತ ಭಾರದ ಕ್ಯಾರವಾನ್ ಎಳೆಯಬಾರದು ಅನ್ನುವ ಬುದ್ಧಿಮಾತೂ ಉಂಟು.

ಅಲ್ಲಿನ ಹೆದ್ದಾರಿಯಲ್ಲಿ ಬರೀ ಕಾರಿಗೆ ಗಂಟೆಗೆ 70 ಮೈಲಿ ಮಿತಿ, ಕ್ಯಾರವಾನ್ ಎಳೆಯುವ ಕಾರಿಗೆ 60. ಬೀಸಾಟ ಶುರುವಾದರೆ ಗಾಬರಿಯಾಗಿ ಬ್ರೇಕ್ ತುಳಿಯಬಾರದು. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದರೆ ವೇಗ ಇಳಿದು ತಾನಾಗಿ ತಣ್ಣಗಾಗುತ್ತದೆ. ಓಡುವಾಗ ಕ್ಯಾರವಾನ್ ಒಳಗೆ ಯಾರೂ ಕೂರುವಂತಿಲ್ಲ.

ಮೋಟಾರ್‌ಹೋಮಿಗೂ ಕ್ಯಾಂಪರ್‌ವ್ಯಾನಿಗೂ ಈ ಬಾಲದ ಕಾಟವಿಲ್ಲ, ತೂಕದ ಲೆಕ್ಕ ಮಾತ್ರ ತಪ್ಪಿದ್ದಲ್ಲ. ಎಷ್ಟೋ ಮೋಟಾರ್‌ಹೋಮ್‌ಗಳು ಜನ, ಸಾಮಾನು ಎಲ್ಲ ಸೇರಿ 3,500 ಕಿಲೋ ದಾಟಬಾರದು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ನೂರು ಲೀಟರಿನ ಟ್ಯಾಂಕು ತುಂಬಿಸಿಕೊಂಡರೆ ಎಷ್ಟಾಯಿತು ಹೇಳಿ? ಅದಕ್ಕೇ ಹಲವರು ಟ್ಯಾಂಕನ್ನು ಹೆಚ್ಚುಕಡಿಮೆ ಖಾಲಿಯಾಗಿಯೇ ಹೊರಡಿಸಿ, ತಂಗುವ ಜಾಗದ ನಲ್ಲಿಯಲ್ಲಿ ತುಂಬಿಸಿಕೊಳ್ಳುತ್ತಾರೆ.