ತಾನಾಗೇ ಬರೋದಲ್ಲ, ಕಲಿಯಬೇಕಾದ್ದು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಒಳ್ಳೆಯ ಅಪ್ಪ ಅವ್ವ ಆಗೋದು ಹೇಗೆ ಅಂತ ಹಾಸ್ಟೆಲ್ ಹುಡುಗರ ಮುಂದೆ ಮಾತು ತೆಗೆದರೆ ಹಿಂದೆ ಕೂತವರು ನಗುತ್ತಾರೆ. ನಗಲಿ. ಇನ್ನು ಐದಾರು ವರ್ಷಕ್ಕೆ ಈ ಜಮಖಾನದ ಮೇಲೆ ಕೂತಿರುವ ಎಷ್ಟೋ ಜನರ ತೊಡೆಯ ಮೇಲೆ ಮಗು ಇರುತ್ತೆ. ಈಜು ಕಲಿಯಬೇಕು, ಸೈಕಲ್ ಕಲಿಯಬೇಕು, ಅರ್ಜಿ ಬರೆಯೋದನ್ನೂ ಕಲಿಯಬೇಕು; ಮಗು ಸಾಕೋದು ಮಾತ್ರ ತಾನಾಗೇ ಬರುತ್ತೆ ಅಂತ ಲೋಕ ನಂಬಿದೆ. ತಾನಾಗೇ ಬರೋದು ಒಂದೇ. ನಮಗೆ ಏನು ಬಿತ್ತೋ ಅದನ್ನೇ ಮಗುವಿಗೂ ಕೊಡೋದು.

ನಮ್ಮ ಅಪ್ಪಂದಿರನ್ನು ಬೈಯೋಕೆ ಈ ಮಾತಲ್ಲ. ಅವರು ಹೊಟ್ಟೆ ಕಟ್ಟಿ ನಮ್ಮನ್ನು ಸ್ಕೂಲಿಗೆ ಕಳಿಸಿದವರು. ಆದರೆ ಏಟು ನಡೆದು ಬಂದ ದಾರಿಯನ್ನು ಒಮ್ಮೆ ನೋಡಿ. ಹೊಲದ ಯಜಮಾನ ಹಗಲೆಲ್ಲ ಬೈಯುತ್ತಾನೆ. ಎದುರು ಮಾತಾಡುವಂತಿಲ್ಲ, ನಾಳೆ ಕೂಲಿ ಬೇಕು. ಆ ಸಿಟ್ಟು ಹುಲ್ಲುಹೊರೆಯ ಹಾಗೆ ತಲೆಯ ಮೇಲೆ ಕೂತು ಹಟ್ಟಿಗೆ ಬರುತ್ತೆ. ಮೊದಲು ಅವ್ವನ ಮೇಲೆ ಬೀಳುತ್ತೆ, ಆಮೇಲೆ ಮಗುವಿನ ಬೆನ್ನ ಮೇಲೆ. ಮಗು ಬೀದಿಗೆ ಹೋಗಿ ನಾಯಿಗೆ ಕಲ್ಲು ಬೀಸುತ್ತೆ. ಎಲ್ಲಿಂದ ಹೊರಟ ಏಟು ಎಲ್ಲಿ ಮುಟ್ಟಿತು! ನಾಳೆ ನಾವು ಗುಮಾಸ್ತರಾದರೂ ಮೇಷ್ಟರಾದರೂ ಈ ದಾರಿ ಮುಚ್ಚೋದಿಲ್ಲ. ಯಜಮಾನನ ಜಾಗಕ್ಕೆ ಸೂಪರಿಂಟೆಂಡೆಂಟು ಬರುತ್ತಾನೆ, ಅಷ್ಟೆ.

ಹೊಸಿಲ ಹೊರಗೆ ಆ ಹೊರೆ ಇಳಿಸಿ ಒಳಗೆ ಬರೋದು ನಾವು ಕಲಿಯಬೇಕಾದ ಕಸುಬು. ಕೈ ಎದ್ದಾಗ ತಾನೂ ಎದ್ದು ಹೊರಗೆ ಹೋಗಿ ಒಂದು ಚೊಂಬು ನೀರು ಕುಡಿದು ಬರೋದು. ಸಣ್ಣ ಕೆಲಸವೇ, ಆದರೂ ರೂಢಿ ಮಾಡದೆ ಬರೋದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು, ಶಾಲೆಯಲ್ಲಿ ಮಗುವಿಗೆ ಹೊಡೆಯೋದನ್ನೂ ಮನಸ್ಸು ಹಿಂಸಿಸೋದನ್ನೂ ನಿಷೇಧಿಸಿದೆ. ಮೇಷ್ಟರ ಕೈಯ ಕೋಲು ಕೆಳಗಿಡಿ ಅಂತ ಕೇಳುವವರು ಮನೆಯಲ್ಲಿ ಬೆಲ್ಟು ಬಿಚ್ಚಿದರೆ ಏನನ್ನಬೇಕು?

ಇನ್ನೊಂದು ಇದಕ್ಕಿಂತ ಕಷ್ಟದ್ದು. ಒಂದು ದಿನ ಮಗು ಬಂದು ಕೇಳುತ್ತೆ: "ಅಪ್ಪಾ, ಅವರ ಮನೇಲಿ ಎಲ್ಲರಿಗೂ ಸ್ಟೀಲ್ ಲೋಟ, ನಂಗೊಬ್ನಿಗೆ ಯಾಕೆ ಪೇಪರ್ ಲೋಟ ಕೊಟ್ರು?" ಹಟ್ಟಿಯ ಅವ್ವ ಆಗಿದ್ದರೆ, "ಸುಮ್ಕಿರು ಮಗಾ, ಆ ಕಡೀಕೆ ಹೋಗ್ಬ್ಯಾಡ" ಅಂತಿದ್ದಳು. ಪಟ್ಟಣ ಸೇರಿದ ವಿದ್ಯಾವಂತ ಅಪ್ಪ, "ಅಂಥಾದ್ದೇನಿಲ್ಲ, ಲೋಟ ಸಾಲದೆ ಬಂದಿರಬೇಕು" ಅಂತಾನೆ. ಅವ್ವನದು ಹೆದರಿಕೆ, ಅಪ್ಪನದು ನಾಚಿಕೆ. ಎರಡರಲ್ಲೂ ಮಗು ಒಂಟಿಯೇ.

ಬಾಬಾಸಾಹೇಬರು ತಮ್ಮ ನೆನಪಿನ ಬರಹದಲ್ಲಿ 1901ರ ಒಂದು ಪ್ರಯಾಣ ಹೇಳಿದ್ದಾರೆ. ರಜೆಗೆ ಅಪ್ಪನ ಹತ್ತಿರ ಹೊರಟ ಹುಡುಗರು. ಬರ್ತೇವೆ ಅಂತ ಬರೆದ ಕಾಗದವನ್ನು ಅಪ್ಪನ ಆಳು ಅಪ್ಪನಿಗೆ ಮುಟ್ಟಿಸಲೇ ಇಲ್ಲ. ಸ್ಟೇಷನ್ನಿನಲ್ಲಿ ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡೆದುಕೊಂಡು ಹೋದರು. ಬುತ್ತಿ ಇತ್ತು, ರಾತ್ರಿಯಿಡೀ ಕುಡಿಯೋಕೆ ನೀರಿಲ್ಲ. ಮೈಮೇಲೆ ಹೊಸ ಬಟ್ಟೆ, ಕೈಯಲ್ಲಿ ದುಡ್ಡು, ಅಪ್ಪ ಸುಬೇದಾರ್. ಯಾವುದೂ ಒಂದು ಗುಟುಕು ನೀರು ಕೊಡಿಸಲಿಲ್ಲ. ಕಾನ್ವೆಂಟ್ ಯೂನಿಫಾರ್ಮು ತೊಡಿಸಿ, ಹಟ್ಟಿಯ ಹೆಸರು ಮರೆಸಿದರೆ ಮಗು ಪಾರಾಯಿತು ಅನ್ನುವವರು ಇದನ್ನು ಓದಬೇಕು.

ಹಾಗಂತ ಆರು ವರ್ಷದ ಮಗುವಿನ ತಲೆಗೆ ಮೂರು ಸಾವಿರ ವರ್ಷದ ಚರಿತ್ರೆ ಸುರಿಯೋಕಾಗುತ್ತದೆಯೆ? ಮೊದಲು ಪೂರ್ತಿ ಕೇಳಬೇಕು. ನಡುವೆ ಬಾಯಿ ಹಾಕಬಾರದು. ಆಮೇಲೆ, "ತಪ್ಪು ನಿಂದಲ್ಲ ಮಗಾ, ಹಂಗೆ ಕೊಟ್ಟೋರದು" ಅನ್ನಬೇಕು. ಮಗುವಿನ ವಯಸ್ಸಿಗೆ ಹಿಡಿಸುವಷ್ಟು ನಿಜ ಹೇಳಬೇಕು, ಸುಳ್ಳು ಹೇಳಬಾರದು. ಶಾಲೆಯಲ್ಲೇ ಆಗಿದ್ದರೆ ಮಾರನೆಯ ದಿನ ಕೂಲಿ ಬಿಟ್ಟಾದರೂ ಅಲ್ಲಿಗೆ ಹೋಗಬೇಕು. ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಇದೆ, ಪೋಷಕರೇ ಅದರ ಸದಸ್ಯರು. ಆ ಕುರ್ಚಿಯಲ್ಲಿ ನಮ್ಮವರು ಕೂತು ಬಾಯಿ ಬಿಡಬೇಕು, ಬರೀ ರುಜು ಹಾಕಿ ಬರೋದಲ್ಲ.

ಆ ಸುಬೇದಾರ್ ರಾಮ್‌ಜಿಯವರ ವಿಷಯ ಇನ್ನಷ್ಟು ಹೇಳಬೇಕು. ಮುಂಬಯಿಯ ಚಾಳಿನ ಒಂದೇ ಕೋಣೆ. ಮಗನನ್ನು ಬೇಗ ಮಲಗಿಸಿ ರಾತ್ರಿ ಎರಡು ಗಂಟೆಗೆ ಓದಲು ಎಬ್ಬಿಸುತ್ತಿದ್ದರು. ಮಗ ಪುಸ್ತಕ ಕೇಳಿದರೆ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಸಾಲ ಕೇಳೋರು. ದುಡ್ಡಿಲ್ಲದಿದ್ದರೆ ಅವರ ಒಡವೆ ಪಡೆದು ಅಡವಿಟ್ಟು, ಪಿಂಚಣಿ ಬಂದಾಗ ಬಿಡಿಸಿಕೊಡೋರು. ಬಡತನದಲ್ಲಿ ಇದಕ್ಕಿಂತ ದೊಡ್ಡ ತಂದೆತನ ಯಾವುದು? ಆದರೂ ಒಂದು ಮಾತು ಕೇಳದೆ ಬಿಡೋಕಾಗೋದಿಲ್ಲ. ಅಡವು ಹೋದದ್ದು ಹೆಣ್ಣುಮಕ್ಕಳ ಒಡವೆ. ಆ ಅಕ್ಕಂದಿರ ಕೈಗೆ ಪುಸ್ತಕ ಕೊಟ್ಟವರು ಯಾರು?

ಈ ಪ್ರಶ್ನೆಗೆ ಮಗನೇ ಮುಂದೆ ದಾರಿ ತೋರಿಸಿದರು. 1942ರ ಜುಲೈ 20ರಂದು ನಾಗಪುರದಲ್ಲಿ ದಲಿತ ಮಹಿಳೆಯರ ಸಮ್ಮೇಳನ. ಮಕ್ಕಳನ್ನು ಓದಿಸಿ, ಅವರಲ್ಲಿ ದೊಡ್ಡ ಆಸೆ ಹುಟ್ಟಿಸಿ, ಕೀಳರಿಮೆ ಕಿತ್ತುಹಾಕಿ, ಮದುವೆಗೆ ಅವಸರ ಮಾಡಬೇಡಿ ಎಂದರು. ತಾವು ಬದುಕು ಶುರುಮಾಡಿದ ಜಾಗಕ್ಕಿಂತ ಒಂದು ಮೆಟ್ಟಿಲು ಮೇಲಿನಿಂದ ಮಕ್ಕಳು ಶುರುಮಾಡುವ ಹಾಗೆ ಮಾಡೋದು ಹೆತ್ತವರ ಕರ್ತವ್ಯ ಎಂದರು. ಮದುವೆಯಾದ ಹೆಣ್ಣು ಗಂಡನಿಗೆ ಗೆಳತಿಯಾಗಿ ಸಮಸಮ ನಿಲ್ಲಬೇಕು, ಗುಲಾಮಳಾಗಿ ಅಲ್ಲ ಎಂದೂ ಹೇಳಿದರು. ಐವರು ಮಕ್ಕಳಲ್ಲಿ ನಾಲ್ವರನ್ನು ಮಣ್ಣು ಮಾಡಿದ ತಂದೆ ಆಡಿದ ಮಾತುಗಳು ಇವು.

ನಮ್ಮ ಮನೆಗಳಲ್ಲಿ ಪರೀಕ್ಷೆ ಹತ್ತಿರ ಬಂದರೆ ಅಣ್ಣನಿಗೆ ದೀಪ, ತಂಗಿಗೆ ಪಾತ್ರೆ. ಇದನ್ನು ನೋಡುತ್ತ ಬೆಳೆದ ಗಂಡುಮಗು ಸಮಾನತೆಯ ಮೇಲೆ ಎಷ್ಟು ಭಾಷಣ ಬಿಗಿದರೂ ನಂಬೋದು ಹೇಗೆ?

ಅಪ್ಪ ಅವ್ವ ಆಗೋವರೆಗೆ ಕಾಯಬೇಕಾಗಿಲ್ಲ. ರಜೆಗೆ ಊರಿಗೆ ಹೋದಾಗ ಮನೆಯ ಚಿಕ್ಕ ಮಕ್ಕಳ ಹತ್ತಿರ ಮಾಡಿ ನೋಡೋಣ. ನೋಟ್‌ಬುಕ್ಕು ತೆಗೆಸಿ ಪಕ್ಕದಲ್ಲಿ ಕೂರೋಣ. ತಪ್ಪು ಬರೆದರೆ ತಲೆಗೆ ಮೊಟಕದೆ ಇನ್ನೊಂದು ಸಲ ಹೇಳೋಣ. ಫೋನು ಮಗುಚಿ ಇಟ್ಟು ಅದು ಹೇಳೋದನ್ನು ಕೇಳೋಣ. ಊಟವಾದ ಮೇಲೆ ತಂಗಿಯನ್ನು ಓದೋಕೆ ಕೂರಿಸಿ ತಟ್ಟೆಗಳನ್ನು ನಾವೇ ತೊಳೆಯೋಣ. ಅವ್ವ ಬಂದು ಕಿತ್ತುಕೊಳ್ಳುತ್ತಾಳೆ, "ಓದಿದ ಮಗ, ನಿಂಗ್ಯಾಕೆ ಇದು" ಅಂತಾಳೆ. ಅಂದರೂ ತೊಳೆಯೋಣ.